ಸ್ಪ್ಯಾನರ್ ಬಿಟ್ಟವನು ಮಹಬೂಬ್ ಅಲ್ಲ

ಆ ಸ್ಪ್ಯಾನರನ್ನು ವಿಮಾನದ ರೆಕ್ಕೆಯೊಳಗೆ ಬಿಟ್ಟು ಬಂದವನು ನಾನು. ಇಷ್ಟು ವರ್ಷ ಅದು ಶಿರಾದ ಮಹಬೂಬ್ ಮಾಡಿದ ತಪ್ಪೆಂದು ಎಲ್ಲರೂ ನಂಬಿದ್ದಾರೆ—ಹಾಗೆ ನಂಬಿಸಿದವನೂ ನಾನೇ. ಬಿಟ್ಟದ್ದು ಮರೆವಿನಿಂದ. ನಂಬಿಸಿದ್ದು ಮರೆವಿನಿಂದಲ್ಲ.

ನನ್ನ ಹೆಸರು ರೇಣುಕಪ್ರಸಾದ್, ಊರು ಬಡವನಹಳ್ಳಿ. ಈಗ ಮಧುಗಿರಿಯ ಒಂದು ಖಾಸಗಿ ಐಟಿಐನಲ್ಲಿ ಪಾಠ ಹೇಳುತ್ತೇನೆ. ಅದಕ್ಕೆ ಮುಂಚೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಕಂಪನಿಯ ಮೆಕ್ಯಾನಿಕ್ ಆಗಿದ್ದೆ. ಆ ಕಂಪನಿ ದಿವಾಳಿಯಾಗಿ, ವಿಮಾನಗಳೆಲ್ಲ ಚದುರಿಹೋಗಿ ಬಹಳ ಕಾಲವಾಯಿತು. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ಬೇಕಾಗಿರುವುದು ಒಬ್ಬ ಮನುಷ್ಯನ ಹೆಸರು. ಅದನ್ನು ತಲೆಬರಹದಲ್ಲೇ ಬರೆದಿದ್ದೇನೆ.

ಮಹಬೂಬಣ್ಣ ನನಗಿಂತ ಆರು ವರ್ಷ ದೊಡ್ಡವನು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಮಾತು ಕೇಳಿಯೇ, "ಯಾವ ಕಡೆ ನಿಮ್ದು? ಮಧುಗಿರಿ ಕಡೆನಾ?" ಎಂದು ಹಿಡಿದುಬಿಟ್ಟ. ಅಂದಿನಿಂದ ಅವನ ಜೊತೆಗೇ ಕೆಲಸ. ಬೋಲ್ಟ್ ಬಿಗಿಯುವುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ, ಗೊತ್ತಿರಲಿಲ್ಲ. "ಬಿಗಿದ್ ತಕ್ಷಣ ಕೈ ತೆಗೀಬ್ಯಾಡ ಕಣ್ಲಾ. ಒಂದ್ ಗಳಿಗೆ ಹಂಗೇ ಹಿಡ್ಕೊಂಡಿರು. ಕೂತೈತೋ ಇಲ್ವೋ ಕೈಗೆ ಗೊತ್ತಾಗ್ತೈತೆ" ಎನ್ನುತ್ತಿದ್ದ. ರಜೆ ಸಿಕ್ಕಾಗ ನನ್ನನ್ನು ಶಿರಾದ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ನನಗೆ ಮಾಂಸ ಆಗುವುದಿಲ್ಲವೆಂದು ಅವನ ಹೆಂಡತಿ ಜೀನತ್ ಅತ್ತಿಗೆ ಬೇರೆ ಪಾತ್ರೆಯಲ್ಲಿ ಬೇಳೆ ಸಾರು ಮಾಡಿ, ಮೊದಲು ನನಗೇ ಬಡಿಸುತ್ತಿದ್ದರು. ಮಗಳು ಆಯೇಷಾ ಆಗ ನನ್ನ ಬೆರಳು ಹಿಡಿದು ಅಂಗಳದಲ್ಲಿ ಓಡಾಡುವ ವಯಸ್ಸಿನವಳು.

ಇನ್ನು ಆ ದಿನದ ವಿಷಯ.

ರೆಕ್ಕೆಯ ಹಿಂಬದಿಯಲ್ಲಿ ಫ್ಲ್ಯಾಪ್ ಎಂಬ ಭಾಗವಿರುತ್ತದೆ. ವಿಮಾನ ಏರುವಾಗ, ಇಳಿಯುವಾಗ ಕೆಳಕ್ಕೆ ಬಾಗುತ್ತದೆ. ಅದರ ಪಕ್ಕದ ಮುಚ್ಚಳ ತೆಗೆದು ಒಳಗೆ ಒಂದು ಸಣ್ಣ ಕೆಲಸ ಮಾಡಬೇಕಿತ್ತು. ಉಪಕರಣಗಳ ಪೆಟ್ಟಿಗೆಯನ್ನು ಟೂಲ್ ರೂಮಿನಿಂದ ಪಡೆದದ್ದು ಮಹಬೂಬಣ್ಣನ ಹೆಸರಿನಲ್ಲಿ. ಕೆಲಸ ಮುಗಿದ ಮೇಲೆ ಅವನು ಕಾಗದಪತ್ರ ನೋಡಲು ಹೋದ. ಮುಚ್ಚಳ ಹಾಕಿ, ಪೆಟ್ಟಿಗೆಯ ಉಪಕರಣ ಎಣಿಸಿ ಒಪ್ಪಿಸುವುದು ನನ್ನ ಪಾಲಿಗೆ ಬಿತ್ತು. ಆಗ ಊಟದ ವ್ಯಾನ್ ಬಂತು. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇದ್ದಿದ್ದರೆ—ಇರಲಿಲ್ಲ. ಹಸಿವಾಗಿತ್ತು, ವ್ಯಾನ್ ಬಂತು, ಎಣಿಸದೆಯೇ 'ಎಲ್ಲ ಸರಿಯಿದೆ' ಎಂದು ಹೇಳಿ ಹೋದೆ.

ನಾನು ಊಟಕ್ಕೆ ಕೂತಿದ್ದಾಗ ಟೂಲ್ ರೂಮಿನವರು ಒಂದು ಸ್ಪ್ಯಾನರ್ ಕಡಿಮೆಯಿದೆ ಎಂದು ಮಹಬೂಬಣ್ಣನಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಪ್ರಯಾಣಿಕರು ಹತ್ತಿದ್ದರು, ಬಾಗಿಲು ಮುಚ್ಚಿತ್ತು. ಅವನು ಬಿಸಿಲಿನಲ್ಲಿ ಎರಡೂ ಕೈ ಎತ್ತಿಕೊಂಡು ವಿಮಾನದ ಮುಂದೆ ಓಡಿ ಹೋದದ್ದನ್ನು ನಾನು ಊಟದ ಮನೆಯ ಕಿಟಕಿಯಿಂದ ನೋಡಿದೆ. ಮುಚ್ಚಳ ತೆಗೆದರು. ಸ್ಪ್ಯಾನರ್ ಅಲ್ಲೇ ಇತ್ತು, ಫ್ಲ್ಯಾಪ್ ಜಾರುವ ಹಾದಿಯ ಪಕ್ಕದಲ್ಲೇ. ವಿಮಾನ ಹಾರಿದ್ದರೆ—ಈ ವಾಕ್ಯವನ್ನು ಮುಗಿಸಲು ನನಗೆ ಇಂದಿಗೂ ಆಗುವುದಿಲ್ಲ.

ವಿಚಾರಣೆಯಲ್ಲಿ ಅವನು, "ಪೆಟ್ಟಿಗೆ ನನ್ನ ಹೆಸರಲ್ಲಿತ್ತು, ಮುಚ್ಚಿದ್ದೂ ನಾನೇ" ಎಂದ. ನನ್ನನ್ನು ಯಾರೂ ಕೇಳಲೇ ಇಲ್ಲ. ಹೊರಗೆ ಬಂದವನೇ ನನ್ನ ಹೆಗಲ ಮೇಲೆ ಕೈ ಹಾಕಿದ. "ನಿನ್ ಲೈಸೆನ್ಸ್ ಪರೀಕ್ಷೆ ಮುಂದಿನ್ ತಿಂಗ್ಳೈತೆ. ಈಗ ನಿನ್ ಮೇಲೆ ಕಾಗ್ದ ಬಂದ್ರೆ ಮುಗೀತು. ನನ್ ಲೈಸೆನ್ಸ್ ಆಗ್ಲೇ ಬಂದೈತೆ, ನಂಗೇನಾಗಲ್ಲ ಬುಡು. ಆದ್ರೆ ಇನ್ನೊಂದ್ ಸಲ ಎಣಿಸ್ದೆ ಬಂದ್ಯೋ, ನಾನೇ ಹೋಗಿ ಹೇಳ್ತೀನಿ."

ಅವನಿಗೆ ಎಚ್ಚರಿಕೆಯ ಪತ್ರ ಬಂತು. ನನಗೆ ಲೈಸೆನ್ಸ್ ಬಂತು.

ಆ ವರ್ಷ ಶಿರಾಕ್ಕೆ ಹೋದಾಗ ಜೀನತ್ ಅತ್ತಿಗೆ ನಗುತ್ತಾ, "ನಿಮ್ಮಣ್ಣಂಗೆ ಮರೆವು ಜಾಸ್ತಿ ಆಗೈತೆ ರೇಣು. ಅಂಗಡೀಲಿ ಉಪ್ಪು ಮರೀತಾರೆ, ವಿಮಾನ್ದಾಗೆ ಸಾಮಾನು ಮರೀತಾರೆ" ಎಂದರು. ಮಹಬೂಬಣ್ಣನೂ ನಕ್ಕ. ನಾನೂ ನಕ್ಕೆ. ಅವನು ಮನೆಯಲ್ಲಿ ಕೂಡ ನಿಜ ಹೇಳಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ತಟ್ಟೆಯ ಮುಂದೆ ಕೂತು ನಕ್ಕೆನಲ್ಲ—ಮೊದಲ ಸುಳ್ಳು ಅದೇ ಇರಬೇಕು.

ನಾಲ್ಕು ವರ್ಷ ಕಳೆದ ಮೇಲೆ ಕಂಪನಿ ಕುಸಿಯಿತು. ಮೊದಲು ಸಂಬಳ ತಡವಾಯಿತು, ಆಮೇಲೆ ನಿಂತಿತು. ಬಾಡಿಗೆಗೆ ಕೊಟ್ಟವರು ಬಂದು ತಮ್ಮ ವಿಮಾನಗಳನ್ನು ಒಂದೊಂದಾಗಿ ಒಯ್ದರು. ಉಳಿದವುಗಳ ಎಂಜಿನ್‌ಗಳಿಗೆ ಬಟ್ಟೆ ಕಟ್ಟಿ ನಿಲ್ಲಿಸಿದೆವು. ಸಂಬಳವಿಲ್ಲದಿದ್ದರೂ ದಿನಾ ಹೋಗಿ ಅವುಗಳ ಚಕ್ರ ತಿರುಗಿಸಿ ಬರುತ್ತಿದ್ದೆವು. ನಿಂತಲ್ಲೇ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಯಾರೋ ಕೊಳ್ಳುತ್ತಾರೆ, ಮತ್ತೆ ಹಾರಿಸುತ್ತಾರೆ ಎಂಬ ಆಸೆ.

ದಿವಾಳಿಯಾದ ಕಂಪನಿಯನ್ನು ನೋಡಿಕೊಳ್ಳಲು ನ್ಯಾಯಾಲಯ ಒಬ್ಬ ಅಧಿಕಾರಿಯನ್ನು ನೇಮಿಸಿತು. ಕೊಳ್ಳುವವರು ಬಂದಾಗ ಮೆಕ್ಯಾನಿಕ್‌ಗಳ ಪರವಾಗಿ ಯಾರು ಮಾತಾಡಬೇಕು ಎಂಬ ಪ್ರಶ್ನೆ ಎದ್ದಿತು. ಹಳೆಯ ಸಂಘವೊಂದಿತ್ತು. ಅದರಲ್ಲಿ ಮೆಕ್ಯಾನಿಕ್‌ಗಳು, ಸಾಮಾನು ಹೊರುವವರು, ಡ್ರೈವರ್‌ಗಳು, ವಿಮಾನ ಗುಡಿಸುವ ಹೆಂಗಸರು ಎಲ್ಲರೂ ಇದ್ದರು. ಅದರ ಮುಂದಾಳು ಮಹಬೂಬಣ್ಣ. ಆಗ ಪಾವಗಡದ ಕಡೆಯ, ತಿರುಮಣಿ ಹತ್ತಿರದ ಕದಿರಪ್ಪ ಎಂಬವನು ಮೆಕ್ಯಾನಿಕ್‌ಗಳಿಗಷ್ಟೇ ಒಂದು ಹೊಸ ಸಂಘ ಕಟ್ಟಿದ. ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ, "ಮೆಕ್ಯಾನಿಕ್‌ಗಳಿಗೆ ಯಾವ ಸಂಘ ಎಂದು ನೀವೇ ಮತ ಹಾಕಿ ತೀರ್ಮಾನಿಸಿ. ಗೆದ್ದವರ ಜೊತೆ ಮಾತ್ರ ಮಾತು" ಎಂದು ಹೇಳಿ ಹೋದರು.

ಕದಿರಪ್ಪ ಮಾತುಗಾರ, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. "ಚೂಡು ರೇಣು, ನೋಡು, ಕೊಳ್ಳಾಕ್ ಬರೋನು ವಿಮಾನ ಕೊಳ್ಳಲ್ಲ, ನಮ್ ಸಹಿ ಕೊಳ್ತಾನೆ. ನಾವು ಸಹಿ ಹಾಕ್ದೆ ಒಂದ್ ವಿಮಾನಾನೂ ಮೇಲೇಳಲ್ಲ. ಸಾಮಾನು ಹೊರೋರ್ನೆಲ್ಲ ಕಟ್ಕೊಂಡು ಕೂತ್ರೆ ನಾವೂ ಮುಳುಗ್ತೀವಿ" ಎನ್ನುತ್ತಿದ್ದ. ಮಹಬೂಬಣ್ಣನದು ಒಂದೇ ಮಾತು: "ಹತ್ತು ವರ್ಷ ನಾನು ಮೇಲೆ ಕೆಲ್ಸ ಮಾಡ್ವಾಗ ಕೆಳಗೆ ಏಣಿ ಹಿಡ್ದೋರು ಅವ್ರು. ಈಗ ಅವ್ರ್ ಮುಖ ನೋಡಿ ನೀವ್ಯಾರು ಅಂತ ಹೆಂಗೆ ಕೇಳ್ಲಿ?"

ನಾನು ಕದಿರಪ್ಪನ ಕಡೆ ಹೋದೆ. ಅವನ ಮಾತು ಸರಿಯೆನಿಸಿತ್ತು—ಅರ್ಧ. ಇನ್ನರ್ಧ, ಗೆದ್ದರೆ ಅಧಿಕಾರಿಯ ಎದುರು ಕೂರುವ ಮೂವರಲ್ಲಿ ನೀನೂ ಒಬ್ಬ ಎಂದು ಅವನು ಹೇಳಿದ್ದು. ಬೇರೆ ಸಂಘಕ್ಕೆ ಹೋದದ್ದು ತಪ್ಪಲ್ಲ. ಮಹಬೂಬಣ್ಣನೂ ಅದನ್ನು ತಪ್ಪೆನ್ನಲಿಲ್ಲ. "ನಿಂಗೆ ಸರಿ ಅನ್ಸಿದ್ ಕಡೆ ಹೋಗು" ಎಂದಿದ್ದ ಅಷ್ಟೆ.

ತಪ್ಪು ನಡೆದದ್ದು ಚಹಾದಂಗಡಿಯಲ್ಲಿ. ಮತದಾನಕ್ಕೆ ಒಂದು ವಾರವಿತ್ತು. ಜನ ಮಹಬೂಬಣ್ಣನ ಕಡೆಗೇ ವಾಲಿದ್ದರು; ಅವನ ಕೈಕೆಳಗೆ ಕಲಿಯದ ಮೆಕ್ಯಾನಿಕ್ ಅಲ್ಲಿ ಕಡಿಮೆ. ಕದಿರಪ್ಪ ಲೋಟ ತಿರುಗಿಸುತ್ತಾ, "ಅವನ್ ಮೇಲೆ ಏನೂ ಇಲ್ವೇನೋ? ಒಂದ್ ಸಣ್ಣ ಕಪ್ಪು ಚುಕ್ಕೆ?" ಎಂದ.

ನಾನು ಸುಮ್ಮನಿರಬಹುದಿತ್ತು. ಇಲ್ಲ ಎನ್ನಬಹುದಿತ್ತು. "ಹಳೇದೊಂದು ಎಚ್ಚರಿಕೆ ಕಾಗದ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ, ಹುಡುಕಿದರೆ ಸಿಗುತ್ತೆ" ಎಂದೆ.

ಹೇಳಿ, ಲೋಟ ಎತ್ತಿಕೊಂಡೆ. ಚಹಾ ಪೂರ್ತಿ ಕುಡಿದೆ.

ಮತದಾನದ ಹಿಂದಿನ ದಿನ ಬೆಳಿಗ್ಗೆ ಮೆಕ್ಯಾನಿಕ್‌ಗಳೆಲ್ಲ ಕ್ಯಾಂಟೀನಿನಲ್ಲಿ ಸೇರಿದ್ದರು. ಮಹಬೂಬಣ್ಣ ಮಾತಾಡಿ ಮುಗಿಸಿದ ಮೇಲೆ ಕದಿರಪ್ಪ ಎದ್ದು ಆ ಪತ್ರದ ನಕಲನ್ನು ಗಟ್ಟಿಯಾಗಿ ಓದಿದ. ಓದಿ, "ಪ್ರಯಾಣಿಕರು ಕೂತಿರೋ ವಿಮಾನದಾಗೆ ಸ್ಪ್ಯಾನರ್ ಬಿಟ್ಟು ಬಂದೋನು ನಮ್ಮ ಪರವಾಗಿ ಮಾತಾಡ್ತಾನಂತೆ" ಎಂದ. ಗದ್ದಲವಾಯಿತು. ಯಾರೋ ಸುಳ್ಳು ಎಂದು ಕೂಗಿದರು. ಕದಿರಪ್ಪ ನನ್ನ ಕಡೆ ತಿರುಗಿದ.

"ರೇಣು, ಅವತ್ತು ನೀನೂ ಆ ರೆಕ್ಕೆ ಕೆಳಗೇ ಇದ್ಯಲ್ಲ. ನೀನೇ ಹೇಳಪ್ಪ. ಇದು ನಿಜಾನೋ, ಸುಳ್ಳೋ?"

ಅವನಿಗೂ ನಿಜ ಗೊತ್ತಿರಲಿಲ್ಲ. ಆ ಇಡೀ ಕ್ಯಾಂಟೀನಿನಲ್ಲಿ ನಿಜ ಗೊತ್ತಿದ್ದವರು ಇಬ್ಬರೇ. ಮಹಬೂಬಣ್ಣ ನನ್ನನ್ನೇ ನೋಡುತ್ತಿದ್ದ. ಬೇಡಿಕೊಳ್ಳುವ ನೋಟವಲ್ಲ, ಹೆದರಿಸುವ ನೋಟವಲ್ಲ. ಬೋಲ್ಟ್ ಬಿಗಿದ ಮೇಲೆ ನನ್ನ ಕೈಯನ್ನು ನೋಡುತ್ತಿದ್ದ ಹಾಗೆ—ಕಾಯುತ್ತಾ.

"ಕಾಗದದಲ್ಲಿ ಏನಿದೆಯೋ ಅದೇ" ಎಂದೆ. "ನಾನು ಹೆಚ್ಚು ಹೇಳೋಕೆ ಹೋಗಲ್ಲ."

ಆ ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ಕೆಟ್ಟದ್ದು. ಹೇಳಬೇಕಾದದ್ದು ಇನ್ನೂ ಇದೆ, ಸ್ನೇಹಿತನ ಮರ್ಯಾದೆ ಉಳಿಸಲು ತಡೆದುಕೊಂಡಿದ್ದೇನೆ ಎನ್ನುವ ಹಾಗೆ ಅದು ಕೇಳಿಸಿತು. ಹಾಗೆ ಕೇಳಿಸಲಿ ಎಂದೇ ಹೇಳಿದ್ದೆ.

ಮಹಬೂಬಣ್ಣ ನನ್ನಿಂದ ಕಣ್ಣು ತೆಗೆದು ಜನರ ಕಡೆ ತಿರುಗಿದ. ಆಮೇಲೆ, "ಸರಿ. ನಾಳೆ ಎಲ್ರೂ ಯೋಚ್ನೆ ಮಾಡಿ ಮತ ಹಾಕ್ರಪ್ಪ" ಎಂದು ಕೂತುಬಿಟ್ಟ.

ಹೊಸ ಸಂಘ ಗೆದ್ದಿತು. ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದಾದಷ್ಟೇ ಮತಗಳ ಅಂತರ. ಫಲಿತಾಂಶ ಬಂದಾಗ ಹೊರಗೆ ಸಾಮಾನು ಹೊರುವವರು ಕಾಯುತ್ತಿದ್ದರು. ಕೊರಟಗೆರೆಯ ಹನುಮಂತರಾಯ ನನ್ನ ಬಳಿ ಬಂದು, "ಸಾ, ನಮ್ಮೂರ್ ಕಡೆಯೋರೇ ನೀವು. ಇನ್ನು ನಮ್ದೆಂಗೆ?" ಎಂದು ಕೇಳಿದ. "ನೋಡೋಣ" ಎಂದೆ. ನೋಡುವುದು ಏನೂ ಇರಲಿಲ್ಲ. ಅವರ ಹೆಸರನ್ನು ಅಧಿಕಾರಿಯ ಮೇಜಿನ ಮುಂದೆ ಮತ್ತೆ ಯಾರೂ ಎತ್ತಲಿಲ್ಲ.

ನಾನು ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಕೂತೆ. ಕೊಳ್ಳುವವರು ಬಂದರು, ಸ್ವಲ್ಪ ಜನ ಮೆಕ್ಯಾನಿಕ್‌ಗಳು ಸಾಕು ಎಂದರು. ಕದಿರಪ್ಪ ಪಟ್ಟಿ ಕೊಟ್ಟ. ಅದರಲ್ಲಿ ನಾನಿದ್ದೆ, ಮಹಬೂಬಣ್ಣ ಇರಲಿಲ್ಲ. ಆಮೇಲೆ ಕೊಳ್ಳುವವರು ಲೆಕ್ಕ ಹಾಕಿ ನೋಡಿ ಹಿಂದೆ ಸರಿದರು. ಕಂಪನಿ ಮುಚ್ಚಿತು. ಪಟ್ಟಿಯಲ್ಲಿದ್ದವರಿಗೂ ಇಲ್ಲದವರಿಗೂ ಬಂದದ್ದು ಒಂದೇ ಪತ್ರ. ಆ ಗೆಲುವಿನಿಂದ ಯಾರಿಗೂ ಏನೂ ಸಿಗಲಿಲ್ಲ ಎಂದು ಬರೆಯುವಾಗ ಒಂದು ಬಗೆಯ ಸಮಾಧಾನವಾಗುತ್ತದೆ—ಅದು ಕೂಡ ಸುಳ್ಳು. ನನಗೆ ಸಿಕ್ಕಿತು. ಬೇರೊಂದು ಕಂಪನಿಯವರು ನನ್ನನ್ನು ತೆಗೆದುಕೊಂಡರು. ಮಹಬೂಬಣ್ಣ ಹೋದ ಕಡೆಯಲ್ಲೆಲ್ಲ ಸ್ಪ್ಯಾನರಿನ ಮಾತು ಅವನಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ವಿಮಾನ ರಿಪೇರಿಯವರ ಲೋಕ ಸಣ್ಣದು. ಎರಡು ವರ್ಷ ಅಲೆದು, ಅವನು ಶಿರಾಕ್ಕೆ ವಾಪಸಾಗಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿಕೊಂಡ. ನಾನು ಆ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಅವನು ಎತ್ತಿ, ಚೆನ್ನಾಗಿಯೇ ಮಾತಾಡುತ್ತಿದ್ದ. ಆ ಚೆನ್ನಾಗಿ ಮಾತಾಡುವುದು—ಅದನ್ನು ತಡೆದುಕೊಳ್ಳುವುದು ಕಷ್ಟವಾಗಿ ಫೋನನ್ನೂ ಬಿಟ್ಟೆ.

ಕೆಲವು ವರ್ಷಗಳ ಮೇಲೆ ಆ ಕೆಲಸ ಬಿಟ್ಟು ಮಧುಗಿರಿಗೆ ಬಂದೆ. ಇದನ್ನೆಲ್ಲ ಮುಚ್ಚಿಟ್ಟುಕೊಂಡೇ ಮುದುಕನಾಗುತ್ತಿದ್ದೆನೇನೋ. ಕಳೆದ ತಿಂಗಳು ಆಯೇಷಾ ಬಂದಳು.

ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅವಳಿಗೆ ಯಾವುದೋ ದಾಖಲೆಯ ಕೆಲಸವಿತ್ತು. "ಅಬ್ಬಾ ಹೇಳಿದರು, ಮಧುಗಿರಿಯಲ್ಲಿ ರೇಣು ಅಂಕಲ್ ಇದ್ದಾರೆ, ಮಾತಾಡಿಸಿ ಬಾ ಅಂತ" ಎನ್ನುತ್ತಾ ಐಟಿಐ ಬಾಗಿಲಲ್ಲಿ ನಿಂತಿದ್ದಳು. ಹೋಟೆಲಿಗೆ ಕರೆದುಕೊಂಡು ಹೋದೆ. ವಿಮಾನ ರಿಪೇರಿಯ ಕೋರ್ಸಿಗೇ ಸೇರುತ್ತಿದ್ದಾಳಂತೆ. ದೋಸೆ ಮುರಿಯುತ್ತಾ ಅವಳು ಹೇಳಿದಳು: "ಅಮ್ಮೀಗೆ ಭಯ ಅಂಕಲ್. ನಿನಗೂ ಅಬ್ಬಾನ ಮರೆವು ಬಂದಿದ್ದರೆ ಅಂತ. ನಾನು ಹೇಳಿದ್ದೀನಿ, ಅಬ್ಬಾ ಥರ ನಾನು ಯಾವತ್ತೂ ಬಿಟ್ಟು ಬರಲ್ಲ, ಮೂರು ಸಲ ಎಣಿಸ್ತೀನಿ."

ನಾನು ತಲೆಯಾಡಿಸಿದೆ. ಅವಳನ್ನು ಬಸ್ಸಿಗೆ ಹತ್ತಿಸಿದೆ. ಬಸ್ಸು ಹೋದ ಮೇಲೂ ನಿಲ್ದಾಣದ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಒಬ್ಬ ಮನುಷ್ಯನ ಕೆಲಸ ಹೋಗುವುದು ಒಂದು. ಅವನ ಮಗಳು ಅವನ ಹಾಗೆ ಆಗಬಾರದೆಂದು ಪಣ ತೊಡುವುದು ಇನ್ನೊಂದು. ಇದು ನನಗೆ ಹೊಳೆದೇ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಶಿರಾಕ್ಕೆ ಹೋದೆ. ಹೊರಡುವ ಮೊದಲು ಕದಿರಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನೀಗ ತಿರುಮಣಿಯ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಕೆಲಸ ನೋಡಿಕೊಳ್ಳುತ್ತಾನೆ. ಪೂರ್ತಿ ಕೇಳಿ, "ಇಪ್ಪುಡೆಂದುಕು ರಾ ಅದಂತಾ? ಈಗ್ಯಾಕೆ ಅದೆಲ್ಲ? ಬಿಟ್ಟಾಕು" ಎಂದು ಫೋನ್ ಇಟ್ಟ.

ಮಹಬೂಬಣ್ಣನ ಅಂಗಡಿಯ ಹಿಂದೆಯೇ ಮನೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ. "ಅರೆ, ರೇಣು!" ಎಂದು ಎದ್ದು ಬಂದ. ಕೂರಿಸಿದ. ನಾನು ಬಂದ ವಿಷಯ ಹೇಳತೊಡಗಿದೆ—ಸ್ಪ್ಯಾನರ್ ಬಿಟ್ಟದ್ದು, ಕ್ಯಾಂಟೀನಿನಲ್ಲಿ ಆಡಿದ ಮಾತು. ಅವನು ಅರ್ಧಕ್ಕೇ ನಕ್ಕುಬಿಟ್ಟ.

"ಅದನ್ನ ನಂಗೇ ಹೇಳಾಕ್ ಬಂದ್ಯೇನ್ಲಾ? ಎರಡೂ ಕಡೆ ನಾನಿದ್ನಲ್ಲಪ್ಪ! ಗೊತ್ತಿಲ್ದೋರಿಗೆ ಹೇಳು."

"ಇನ್ನೊಂದಿದೆ ಅಣ್ಣ. ಅದು ನಿನಗೂ ಗೊತ್ತಿಲ್ಲ. ಕಾಗದ ಇದೆ ಅಂತ ಕದಿರಪ್ಪನಿಗೆ ಹೇಳಿದ್ದೂ ನಾನೇ."

ನಗು ನಿಂತಿತು. ಅವನು ತನ್ನ ಕೈಗಳನ್ನು ನೋಡಿಕೊಂಡ. ಬೆರಳಿಗೆ ಗ್ರೀಸ್ ಅಂಟಿತ್ತು. ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. "ನೀನ್ ಹೆದ್ರಿಕೊಂಡು ಹಂಗಂದೆ ಅಂದ್ಕೊಂಡಿದ್ದೆ" ಎಂದ ಕೊನೆಗೆ. "ಎಲ್ರ ಮುಂದೆ ತಟ್ಟನೆ ಕೇಳ್ದಾಗ ಹೆದ್ರಿಬಿಟ್ಟ, ಪಾಪ, ಅಂತ. ಇಷ್ಟ್ ವರ್ಷ ಹಂಗೇ ಅಂದ್ಕೊಂಡು ನಿನ್ನ ಕ್ಷಮ್ಸಿದ್ದೆ."

ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನೂ ಮಗಳನ್ನೂ ಕರೆದ. "ಈಗ ಇವ್ರ ಮುಂದೆ ಹೇಳು. ಎಲ್ಲಾನೂ."

ಹೇಳಿದೆ. ಜೀನತ್ ಅತ್ತಿಗೆ ಬಾಗಿಲಿಗೆ ಒರಗಿ ನಿಂತು ಕೇಳಿದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಗಂಡನ ಕಡೆ ತಿರುಗಿ, "ಇಷ್ಟು ವರ್ಷ ನಿಮ್ಮನ್ನ ಮರೆಗುಳಿ ಅಂತ ಆಡ್ಕೊಂಡ್ನಲ್ರೀ... ಬಂದೋರ ಮುಂದೆಲ್ಲ ಆಡ್ಕೊಂಡ್ನಲ್ಲ... ನೀವಾದ್ರೂ ಯಾಕ್ ಹೇಳ್ಲಿಲ್ಲ?" ಎಂದರು.

"ಇವ್ನೇ ಹೇಳ್ಲಿ ಅಂತ ಕಾದೆ" ಎಂದ ಮಹಬೂಬಣ್ಣ. "ಆಮೇಲೆ ಕಾಯೋದೂ ಮರ್ತೋಯ್ತು."

ಆಯೇಷಾ ಒಂದೇ ಪ್ರಶ್ನೆ ಕೇಳಿದಳು. "ಅವತ್ತು ಕ್ಯಾಂಟೀನಿನಲ್ಲಿ ನೀವು 'ನಾನು ಬಿಟ್ಟಿದ್ದು' ಅಂತ ಒಂದು ಮಾತು ಹೇಳಿದ್ದರೆ, ಅಬ್ಬಾ ಗೆಲ್ಲುತ್ತಿದ್ದರಾ?"

ಗೊತ್ತಿಲ್ಲ ಎನ್ನಬಹುದಿತ್ತು. ಗೆದ್ದಿದ್ದರೂ ಕಂಪನಿ ಉಳಿಯುತ್ತಿರಲಿಲ್ಲ ಎಂದೂ ಹೇಳಬಹುದಿತ್ತು.

"ಗೆಲ್ಲುತ್ತಿದ್ದ" ಎಂದೆ. ಅವಳು ಎದ್ದು ಹೋಗಿ ಅಪ್ಪನ ಪಕ್ಕದಲ್ಲಿ, ಅವನ ಭುಜಕ್ಕೆ ಭುಜ ತಾಗಿಸಿ ಕೂತಳು.

ಮಹಬೂಬಣ್ಣ ರಸ್ತೆಯವರೆಗೆ ಬಂದ. ನಾನು ಏನಾದರೂ ಹೇಳುವ ಮೊದಲೇ ಕೈ ಅಡ್ಡ ಹಿಡಿದ. "ಮಾಫ್ ಮಾಡು ಅಂತ ಈಗ ಕೇಳ್ಬ್ಯಾಡ ರೇಣು. ಕೇಳಿದ್ರೆ ಆಯ್ತು ಬುಡು ಅಂದ್ಬುಡ್ತೀನಿ. ಅಭ್ಯಾಸ ನಂಗೆ. ಈ ಸಲ ಹಂಗ್ ಅನ್ನಾಕೆ ಇಷ್ಟ ಇಲ್ಲ." ಮನೆಯ ಕಡೆ ತಿರುಗಿ, "ಕ್ಯಾಂಟೀನಿನಾಗೆ ಕೂತಿದ್ರಲ್ಲ, ಅವ್ರಿಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದ.

ಅದಕ್ಕೇ ಇದನ್ನು ಬರೆದೆ. ಆ ಕ್ಯಾಂಟೀನಿನಲ್ಲಿ ಅಂದು ಕೂತಿದ್ದವರ ಪೈಕಿ ಯಾರ ವಿಳಾಸ, ಯಾರ ಫೋನ್ ನಂಬರ್ ಸಿಕ್ಕಿತೋ ಅವರಿಗೆಲ್ಲ ಕಳಿಸುತ್ತಿದ್ದೇನೆ. ಕೊರಟಗೆರೆಗೆ ಹೋಗಿ ಹನುಮಂತರಾಯನನ್ನೂ ಹುಡುಕುತ್ತೇನೆ. ಅವನಿಗೆ ಕಾಗದದಲ್ಲಲ್ಲ, ಎದುರು ನಿಂತು ಹೇಳಬೇಕು. ಒಂದು ಪ್ರತಿಯನ್ನು ಇಂದು ಬೆಳಿಗ್ಗೆ ನಮ್ಮ ಐಟಿಐ ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ನಾನು ಇನ್ನು ಪಾಠ ಹೇಳಬಹುದೋ ಬಾರದೋ ಅವರು ನಿರ್ಧರಿಸಲಿ. ಓದಿದವರು ನನಗೆ ಉತ್ತರ ಬರೆಯಬೇಕಿಲ್ಲ. ಬರೆಯುವ ಮನಸ್ಸಾದರೆ ಮಹಬೂಬನಿಗೆ ಬರೆಯಿರಿ. ಶಿರಾದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಮಹಬೂಬ್ ಎಂದರೆ ಯಾರಾದರೂ ಅಂಗಡಿ ತೋರಿಸುತ್ತಾರೆ.